ಮದರ್‌ಬೋರ್ಡು ಸತ್ತರೆ ಹಕ್ಕೂ ಸಾಯಬೇಕೆ?

2024ರ ನವೆಂಬರಿನಲ್ಲಿ ನಡೆದ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬಂದಿದ್ದ ಸದಸ್ಯ ಬಂಧುಗಳಿಗೆ ಒಂದು ದೃಶ್ಯ ನೆನಪಿರಬಹುದು. ಕನ್ನಡ ತರಗತಿಯ ಮಕ್ಕಳು ‘ನಮ್ಮ ನಾಡಿನ ನದಿಗಳು’ ಎಂಬ ಚಿತ್ರಮಾಲೆಯನ್ನು ತಾವೇ ಸಿದ್ಧಪಡಿಸಿ ತೆರೆಯ ಮೇಲೆ ತೋರಿಸುತ್ತಿದ್ದರು. ತಲಕಾವೇರಿ ಬಂತು, ಚಪ್ಪಾಳೆಯಾಯಿತು. ಹಂಪೆಯ ಬಂಡೆಗಳ ನಡುವೆ ತುಂಗಭದ್ರೆ ಬಂದಳು, ಮತ್ತೆ ಚಪ್ಪಾಳೆ. ಜೋಗದ ಜಲಪಾತ ಬಂದಾಗ ಮಾತ್ರ ಸಭೆಯ ಕಣ್ಣು ನೀರಿನ ಮೇಲೆ ನಿಲ್ಲಲಿಲ್ಲ. ತೆರೆಯ ಬಲಗಡೆಯ ಕೆಳಮೂಲೆಯಲ್ಲಿ, ಬೂದುಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ, ಈ ಯಂತ್ರದ ಆಪರೇಟಿಂಗ್ ಸಿಸ್ಟಮ್ ಆಕ್ಟಿವೇಟ್ ಆಗಿಲ್ಲ, ಆಕ್ಟಿವೇಟ್ ಮಾಡಿಕೊಳ್ಳಿರಿ ಎಂಬ ಸೂಚನೆ ಅಂಟಿಕೊಂಡಿತ್ತು. ಕಾವೇರಿ ಹೋದಳು, ಶರಾವತಿ ಹೋದಳು, ಆ ಸೂಚನೆ ಮಾತ್ರ ಕದಲಲಿಲ್ಲ.

ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ ಏಳನೆಯ ತರಗತಿಯ ಒಬ್ಬ ಹುಡುಗ ನಮ್ಮ ಬಳಿ ಬಂದು ಮೆಲ್ಲಗೆ ಕೇಳಿದ: “ಅಂಕಲ್, ನಮ್ಮ ಸಂಘದ ಕಂಪ್ಯೂಟರಿನಲ್ಲಿರೋದು ಕದ್ದಿದ್ದಾ?”

ಈ ಪ್ರಶ್ನೆಗೆ ಅಂದು ನಾವು ನಕ್ಕು ಉತ್ತರ ತೇಲಿಸಿಬಿಟ್ಟೆವು. ಆದರೆ ಮನಸ್ಸು ನಗಲಿಲ್ಲ. ಚಂದಾ ಹಣದಿಂದ, ರಸೀತಿ ಸಹಿತ, ತೆರಿಗೆ ಸಹಿತ ಕೊಂಡ ವಸ್ತುವನ್ನು ನಮ್ಮದೇ ಮಕ್ಕಳು ಕದ್ದ ಮಾಲೆಂದು ಸಂಶಯಪಡುವ ಸ್ಥಿತಿ ಯಾರಿಂದ ಬಂತು, ಹೇಗೆ ಬಂತು ಎಂಬುದನ್ನು ಸದಸ್ಯ ಬಂಧುಗಳ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇವೆ.

ನಾವು ಕಂಪ್ಯೂಟರ್ ತಜ್ಞರಲ್ಲ. ಬಿ.ಎಸ್ಸಿ. ಓದಿ, ಓದಿದ್ದನ್ನು ಮರೆತು, ಕಡತ, ಟಿಪ್ಪಣಿ, ಟಪಾಲು ವಹಿಗಳ ನಡುವೆ ಇಪ್ಪತ್ತು ವರ್ಷ ಸವೆಸಿದ ಕೇಂದ್ರ ಸರ್ಕಾರದ ಗುಮಾಸ್ತ ವರ್ಗದವರು. ಆದರೆ ಒಂದು ವಿದ್ಯೆ ನಮಗೆ ಚೆನ್ನಾಗಿ ಬರುತ್ತದೆ. ಅದು ನಿಯಮವನ್ನು ಓದುವ ವಿದ್ಯೆ. ನಿಯಮದ ಮೊದಲ ಸಾಲು ಏನು ಕೊಡುತ್ತದೆ, ಕೊನೆಯ ಸಾಲು ಅದನ್ನು ಹೇಗೆ ಕಿತ್ತುಕೊಳ್ಳುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಮೊದಲು ನಡೆದ ಸಂಗತಿಯನ್ನು ಹೇಳುತ್ತೇವೆ. ಸಂಘದ ಕಂಪ್ಯೂಟರನ್ನು ಕೊಂಡದ್ದು 2017ರ ಕೊನೆಯಲ್ಲಿ. ಹೆಸರುವಾಸಿ ತಯಾರಕರ ಡೆಸ್ಕ್‌ಟಾಪು, ವಿಂಡೋಸ್ 10 ಮೊದಲೇ ಹಾಕಿ ಕೊಟ್ಟದ್ದು. ಗ್ರಂಥಾಲಯದ ಪುಸ್ತಕಪಟ್ಟಿ, ಸದಸ್ಯರ ಯಾದಿ, ಈ ಪತ್ರಿಕೆಯ ಪುಟಗಳು, ಮಕ್ಕಳ ಪಾಠಗಳು ಎಲ್ಲವೂ ಅದರಲ್ಲೇ. ಏಳು ವರ್ಷ ಅದು ತಕರಾರಿಲ್ಲದೆ ದುಡಿಯಿತು. 2024ರ ಮಳೆಗಾಲದಲ್ಲಿ ಒಂದು ಸಂಜೆ ವಿದ್ಯುತ್ತು ಹೋಗಿ ಬಂದದ್ದೇ ನೆಪ, ಮದರ್‌ಬೋರ್ಡು ಸುಟ್ಟಿತು. ತಯಾರಕರ ಸೇವಾಕೇಂದ್ರದಲ್ಲಿ ವಿಚಾರಿಸಿದರೆ, ವಾರಂಟಿ ಎಂದೋ ಮುಗಿದಿದೆ, ಆ ಮಾದರಿಯ ಬೋರ್ಡು ಈಗ ಬರುವುದಿಲ್ಲ, ಹೊಸ ಯಂತ್ರವನ್ನೇ ಕೊಳ್ಳುವುದು ಒಳ್ಳೆಯದು ಎಂಬ ಉಪದೇಶ ಸಿಕ್ಕಿತು. ಇಲ್ಲಿಯ ನೆಹರು ಪ್ಲೇಸಿನಲ್ಲಿ ಒಬ್ಬ ಮೆಕ್ಯಾನಿಕ್ ನಮ್ಮ ಪ್ರೊಸೆಸರನ್ನೂ ರ‍್ಯಾಮನ್ನೂ ಒಪ್ಪಿಕೊಳ್ಳುವ, ಬೇರೆ ತಯಾರಕರ ಬೋರ್ಡೊಂದನ್ನು ಹುಡುಕಿ, ಕ್ಯಾಬಿನೆಟ್ಟಿನಲ್ಲಿ ಎರಡು ತೂತು ಕೊರೆದು ಕೂರಿಸಿಕೊಟ್ಟ. ಅದೇ ಪೆಟ್ಟಿಗೆ, ಅದೇ ಪ್ರೊಸೆಸರ್, ಅದೇ ಡಿಸ್ಕು, ಡಿಸ್ಕಿನೊಳಗೆ ಅವೇ ಕಡತಗಳು. ಗುಂಡಿ ಒತ್ತಿದರೆ ಯಂತ್ರ ಎದ್ದಿತು. ಎದ್ದ ಯಂತ್ರ ಹೇಳಿದ ಮೊದಲ ಮಾತು: ನಿಮ್ಮ ಹಾರ್ಡ್‌ವೇರ್ ಬದಲಾಗಿದೆ, ನಿಮ್ಮ ಪರವಾನಗಿ ಇಲ್ಲಿ ನಡೆಯುವುದಿಲ್ಲ.

ಕೊಂಡ ಅಂಗಡಿಗೆ ಹೋದೆವು. ಮಾಲೀಕರು ಬಿಲ್ಲನ್ನು ತಿರುಗಿಸಿ ನೋಡಿ, “ಇದು ಓ.ಇ.ಎಂ. ಸಾರ್, ಬೋರ್ಡಿನ ಜೊತೆಗೇ ಹೋಯಿತು” ಎಂದರು. ಏಳು ವರ್ಷದ ಹಿಂದೆ ಮಾರುವಾಗ ಈ ಮಾತನ್ನು ಏಕೆ ಹೇಳಲಿಲ್ಲ ಎಂದು ಕೇಳಿದರೆ, “ನೀವು ಕೇಳಲಿಲ್ಲವಲ್ಲ” ಎಂದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ಈ ಆಕ್ಟಿವೇಷನ್ ಎಂಬುದು ಏನು? ನಮ್ಮ ಓದುಗರಲ್ಲಿ ಪಿಂಚಣಿದಾರರು ಬಹಳ ಮಂದಿ ಇದ್ದಾರೆ. ಅವರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ: ಇದು ಯಂತ್ರದ ಜೀವಿತ ಪ್ರಮಾಣಪತ್ರ. ಪ್ರತಿ ನವೆಂಬರಿನಲ್ಲಿ ನಾವು ಬದುಕಿದ್ದೇವೆ, ನಾವು ನಾವೇ ಎಂದು ಬ್ಯಾಂಕಿಗೆ ತೋರಿಸುವುದಿಲ್ಲವೇ? ಹಾಗೆಯೇ ಯಂತ್ರವೂ ತಾನು ತಾನೇ ಎಂದು ಕಂಪನಿಯ ಸರ್ವರಿಗೆ ತೋರಿಸಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮೈಕ್ರೋಸಾಫ್ಟ್ ಈ ಪದ್ಧತಿಯನ್ನು ಸಾಮಾನ್ಯ ಗ್ರಾಹಕರ ಮೇಲೆ ವಿಧಿಸಿತು. ಅಂದು ಪ್ರೊಸೆಸರ್, ಡಿಸ್ಕು, ನೆಟ್‌ವರ್ಕ್ ಕಾರ್ಡು, ರ‍್ಯಾಮಿನ ಪ್ರಮಾಣ ಮುಂತಾದ ಹತ್ತು ಅಂಶಗಳನ್ನು ಲೆಕ್ಕಹಾಕಿ ಯಂತ್ರಕ್ಕೊಂದು ಗುರುತು ಕಟ್ಟುತ್ತಿದ್ದರು. ಒಂದೆರಡು ಭಾಗ ಬದಲಾದರೆ ಸುಮ್ಮನಿರುತ್ತಿತ್ತು. ಹೆಚ್ಚು ಭಾಗ ಬದಲಾದರೆ ಪುನಃ ಆಕ್ಟಿವೇಟ್ ಮಾಡಿಸಬೇಕಿತ್ತು. ಆ ಕಾಲದಲ್ಲಿ ಟೆಲಿಫೋನ್ ಹಿಡಿದು ಉದ್ದನೆಯ ಅಂಕಿಮಾಲೆಯನ್ನು ಒದರಿ, ಅತ್ತಲಿಂದ ಹೇಳಿದ ಇನ್ನೊಂದು ಅಂಕಿಮಾಲೆಯನ್ನು ಬರೆದುಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ.

2012ರಲ್ಲಿ ವಿಂಡೋಸ್ 8 ಬಂದಾಗ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದುವರೆಗೆ ಪೆಟ್ಟಿಗೆಯ ಮೇಲೆ ಅಂಟಿಸಿರುತ್ತಿದ್ದ ಇಪ್ಪತ್ತೈದು ಅಕ್ಷರಗಳ ಕೀಲಿಯನ್ನು ಬಿಟ್ಟು, ತಯಾರಕರು ಕಾರ್ಖಾನೆಯಲ್ಲೇ ಅದನ್ನು ಮದರ್‌ಬೋರ್ಡಿನ ಫರ್ಮ್‌ವೇರಿನೊಳಗೆ ಬರೆಯತೊಡಗಿದರು. ಗ್ರಾಹಕ ಕೀಲಿಯನ್ನು ಕಳೆದುಕೊಳ್ಳುವ ಭಯವಿಲ್ಲ ಎಂದು ಇದನ್ನು ಅನುಕೂಲವೆಂದೇ ಹೊಗಳಿದರು. ಅನುಕೂಲವೇ ಹೌದು, ಬೋರ್ಡು ಬದುಕಿರುವ ತನಕ. ಮನೆಯ ಬೀಗದ ಕೈಯನ್ನು ಗೋಡೆಯೊಳಗಿಟ್ಟು ಗಾರೆ ಮೆತ್ತಿ, ಇನ್ನು ಕಳೆಯುವ ಚಿಂತೆಯಿಲ್ಲ ಎಂದಂತೆ ಇದು. ಗೋಡೆ ಬಿದ್ದ ದಿನ ಬೀಗದ ಕೈಯೂ ಮಣ್ಣುಪಾಲು. ನಮ್ಮ ಕೀಲಿಯೂ ಹಾಗೆಯೇ ಸುಟ್ಟ ಬೋರ್ಡಿನೊಡನೆ ಗುಜರಿಗೆ ಹೋಯಿತು.

ಈಗ ಪರವಾನಗಿಯ ಜಾತಿಗಳನ್ನು ನೋಡೋಣ. ಮುಖ್ಯವಾಗಿ ಎರಡು. ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡದ್ದು ರೀಟೇಲ್ ಪರವಾನಗಿ. ಅದನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು, ಏಕಕಾಲದಲ್ಲಿ ಒಂದರಲ್ಲಿ ಮಾತ್ರ ಇರಬೇಕು. ಯಂತ್ರದ ಜೊತೆಗೆ ಬಂದದ್ದು ಓ.ಇ.ಎಂ. ಪರವಾನಗಿ. ಅದು ಆ ಯಂತ್ರಕ್ಕೇ ಹುಟ್ಟಿ ಆ ಯಂತ್ರದೊಡನೆಯೇ ಸಾಯತಕ್ಕದ್ದು. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ವರ್ಗಾವಣೆಯ ಹುದ್ದೆ. ಎರಡನೆಯದು ವರ್ಗಾವಣೆಯಿಲ್ಲದ, ಕಚೇರಿ ಮುಚ್ಚಿದರೆ ತಾನೂ ರದ್ದಾಗುವ ಹುದ್ದೆ. ನಮ್ಮಂಥ ಸಂಸಾರಗಳ ಮನೆಗೆ ಬರುವುದು ಬಹುಪಾಲು ಎರಡನೆಯದೇ.

ಇರಲಿ, ಆ ಯಂತ್ರದೊಡನೆ ಸಾಯಲಿ ಎಂದೇ ಒಪ್ಪೋಣ. ಹಾಗಾದರೆ ‘ಆ ಯಂತ್ರ’ ಎಂದರೆ ಯಾವುದು? ಇಲ್ಲಿಯೇ ಇರುವುದು ಮರ್ಮ. ಕಂಪನಿಯ ವ್ಯಾಖ್ಯಾನದಲ್ಲಿ ಯಂತ್ರವೆಂದರೆ ಮದರ್‌ಬೋರ್ಡು. ಡಿಸ್ಕು ಬದಲಿಸಿ, ರ‍್ಯಾಮ್ ಹೆಚ್ಚಿಸಿ, ಪರದೆ ಬದಲಿಸಿ, ಅದು ಹಳೆಯ ಯಂತ್ರವೇ. ಬೋರ್ಡು ಬದಲಿಸಿದರೆ ಹೊಸ ಯಂತ್ರವೊಂದು ಹುಟ್ಟಿತು, ಹೊಸ ಪರವಾನಗಿ ಕೊಳ್ಳತಕ್ಕದ್ದು. ಇದಕ್ಕೊಂದು ವಿನಾಯಿತಿ ಉಂಟು: ಬೋರ್ಡು ದೋಷದಿಂದ ಕೆಟ್ಟಿದ್ದು, ಅದರ ಜಾಗಕ್ಕೆ ಅದೇ ಮಾದರಿಯ, ಇಲ್ಲವೆ ವಾರಂಟಿಯ ನಿಯಮದಂತೆ ಆ ತಯಾರಕರೇ ಒಪ್ಪುವ ಸಮಾನ ಬೋರ್ಡು ಹಾಕಿದರೆ ಹೊಸ ಪರವಾನಗಿ ಬೇಕಿಲ್ಲ.

ಈ ವಿನಾಯಿತಿಯನ್ನು ಓದಿದಾಗ ನಮಗೆ ನಗು ಬಂತು. ಇಂಥ ವಿನಾಯಿತಿಗಳನ್ನು ನಾವು ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದೇವೆ. ಕಾಗದದ ಮೇಲೆ ಉದಾರ, ಕೈಗೆ ಸಿಗುವಾಗ ಗಗನಕುಸುಮ. ಬೋರ್ಡು ಕೆಡುವುದು ಸಾಮಾನ್ಯವಾಗಿ ವಾರಂಟಿ ಮುಗಿದು ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಆ ಮಾದರಿಯ ಬೋರ್ಡು ತಯಾರಕರ ಬಳಿಯೇ ಇರುವುದಿಲ್ಲ. ಇಲ್ಲದ ಬೋರ್ಡನ್ನು ಹಾಕಿದರೆ ಇರುವ ಹಕ್ಕು ಉಳಿಯುತ್ತದೆ ಎನ್ನುವುದು ಯಾವ ನ್ಯಾಯ?

ಹಳ್ಳಿಯಿಂದ ಬಂದವರು ನಾವು. ನೇಗಿಲ ಗುಳ ಸವೆದರೆ ಕಮ್ಮಾರನಲ್ಲಿ ಹೊಸ ಗುಳ ಹಾಕಿಸುತ್ತಿದ್ದೆವು. ಅದಕ್ಕಾಗಿ ಹೊಲದ ಪಹಣಿ ರದ್ದಾಗುತ್ತಿರಲಿಲ್ಲ. ಬಾವಿಯ ರಾಟೆ ಮುರಿದರೆ ರಾಟೆ ಬದಲಿಸುತ್ತಿದ್ದೆವು; ನೀರನ್ನು ಎರಡನೆಯ ಸಲ ಕೊಳ್ಳುತ್ತಿರಲಿಲ್ಲ. ಹಳ್ಳಿಯ ಮಾತು ಬೇಡವೆಂದರೆ ಪಟ್ಟಣದ ಕಾಯಿದೆಯನ್ನೇ ನೋಡಿ. ವಾಹನದ ಎಂಜಿನ್ ಕೆಟ್ಟು ಹೊಸ ಎಂಜಿನ್ ಕೂರಿಸಿದರೆ ಆರ್.ಟಿ.ಒ. ಕಚೇರಿಗೆ ತಿಳಿಸಿ ನೋಂದಣಿ ಪತ್ರದಲ್ಲಿ ಬರೆಸಿಕೊಳ್ಳಬೇಕು. ವಾಹನ ಹಳೆಯದೇ, ಮಾಲೀಕ ಹಳೆಯವನೇ. ನಮ್ಮ ಸರ್ಕಾರಿ ಕಚೇರಿಗಳ ಮೇಲೆ ಕೆಂಪುಪಟ್ಟಿಯ ಆರೋಪ ಹೊರಿಸುವವರು ಇದನ್ನು ಗಮನಿಸಬೇಕು: ಕೆಂಪುಪಟ್ಟಿಯ ಆರ್.ಟಿ.ಒ. ಕೂಡ ಎಂಜಿನ್ ಬದಲಾದದ್ದಕ್ಕೆ ಹೊಸ ಗಾಡಿ ಕೊಳ್ಳಿ ಎನ್ನುವುದಿಲ್ಲ.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅವರು ಹೇಳುವುದು ಎರಡು ಮಾತು. ಒಂದು, ಕಟ್ಟುಪಾಡು ಇಲ್ಲದಿದ್ದರೆ ಒಂದೇ ಪರವಾನಗಿಯನ್ನು ಹತ್ತು ಯಂತ್ರಕ್ಕೆ ಹಾಕಿಕೊಳ್ಳುತ್ತಾರೆ. ಎರಡು, ಓ.ಇ.ಎಂ. ಪರವಾನಗಿ ಅಗ್ಗ, ಅಗ್ಗಕ್ಕೆ ತಕ್ಕ ಷರತ್ತು ಇದ್ದೇ ಇರುತ್ತದೆ.

ಮೊದಲನೆಯ ವಾದದಲ್ಲಿ ಸತ್ಯಾಂಶವಿದೆ. ನಮ್ಮ ಜನ ಏನು ಮಾಡಿಯಾರೆಂಬುದು ನಮಗೂ ಗೊತ್ತು. ಆದರೆ ಹತ್ತು ಯಂತ್ರಕ್ಕೆ ಹಾಕುವುದನ್ನು ತಡೆಯುವ ಉಪಾಯ ಕಂಪನಿಯ ಕೈಯಲ್ಲೇ ಇದೆ. 2016ರ ಆಗಸ್ಟಿನಲ್ಲಿ ವಿಂಡೋಸ್ 10ಕ್ಕೆ ಬಂದ ಪರಿಷ್ಕರಣದಲ್ಲಿ ಪರವಾನಗಿಯನ್ನು ಗ್ರಾಹಕನ ಖಾತೆಗೆ ಜೋಡಿಸುವ ಸೌಲಭ್ಯ ಕೊಟ್ಟರು. ಯಂತ್ರದ ಭಾಗ ಬದಲಾದಾಗ, ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬ ಗುಂಡಿ ಒತ್ತಿ, ಖಾತೆಗೆ ಪ್ರವೇಶಿಸಿ, ಪಟ್ಟಿಯಲ್ಲಿ ತನ್ನ ಯಂತ್ರವನ್ನು ತೋರಿಸಿ ಪುನಃ ಆಕ್ಟಿವೇಟ್ ಮಾಡಿಕೊಳ್ಳಬಹುದು. ಅಂದರೆ ಯಾರ ಪರವಾನಗಿ ಯಾವ ಯಂತ್ರದಲ್ಲಿದೆ ಎಂಬ ಲೆಕ್ಕ ಅವರ ವಹಿಯಲ್ಲೇ ಇದೆ. ಹೊಸ ಬೋರ್ಡಿಗೆ ಕೊಟ್ಟು ಹಳೆಯದನ್ನು ಹೊಡೆದುಹಾಕಿದರೆ ಮುಗಿಯಿತು. ಮೊದಲ ದರ್ಜೆ ಗುಮಾಸ್ತನೂ ಎರಡು ನಿಮಿಷದಲ್ಲಿ ಮಾಡುವ ನಮೂದು ಅದು. ತಾಂತ್ರಿಕವಾಗಿ ಸಾಧ್ಯವಿದ್ದೂ ಓ.ಇ.ಎಂ. ಗ್ರಾಹಕನಿಗೆ ಅದು ಹಕ್ಕಾಗಿ ಸಿಗುವುದಿಲ್ಲ ಎಂದರೆ, ಅಡ್ಡಿ ಇರುವುದು ಯಂತ್ರದಲ್ಲಲ್ಲ, ಕರಾರಿನಲ್ಲಿ.

ಎರಡನೆಯ ವಾದಕ್ಕೆ ನಮ್ಮ ಉತ್ತರ ಇನ್ನೂ ಸರಳ. ಅಗ್ಗವೆಂದು ಕೊಂಡವನಿಗೆ ಅಗ್ಗದ ಕಾರಣ ತಿಳಿದಿರಬೇಕು. ನಮ್ಮ ಬಿಲ್ಲಿನಲ್ಲಿ ಯಂತ್ರದ ಬೆಲೆ ಎಷ್ಟು, ಆಪರೇಟಿಂಗ್ ಸಿಸ್ಟಮಿನ ಬೆಲೆ ಎಷ್ಟು ಎಂದು ಬೇರೆ ಬೇರೆ ಬರೆದಿರಲಿಲ್ಲ. ನಿಮ್ಮ ಮನೆಯ ಬಿಲ್ಲನ್ನು ತೆಗೆದು ನೋಡಿ, ಬಹುಶಃ ಅಲ್ಲಿಯೂ ಇರುವುದಿಲ್ಲ. ಬೆಲೆ ತಿಳಿಸದೆ, ಷರತ್ತು ತಿಳಿಸದೆ, ಪೆಟ್ಟಿಗೆ ಬಿಚ್ಚಿದ ಮೇಲೆ ಪರದೆಯ ಮೇಲೆ ಹತ್ತಾರು ಪುಟದ ಇಂಗ್ಲಿಷ್ ಕರಾರು ಮೂಡಿಸಿ ‘ಒಪ್ಪಿದೆ’ ಎಂಬ ಗುಂಡಿಯನ್ನು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನುವುದು ಹೇಗೆ? ಒಪ್ಪದಿದ್ದರೆ ಯಂತ್ರ ಮುಂದೆ ಹೋಗುವುದಿಲ್ಲ. ತಾಳಿ ಕಟ್ಟಿದ ಮೇಲೆ ಹೆಣ್ಣು ನೋಡುವ ಶಾಸ್ತ್ರವಲ್ಲವೇ ಇದು?

ಕಾಯಿದೆ ಏನು ಹೇಳುತ್ತದೆ ಎಂಬುದನ್ನೂ ನೋಡಿದೆವು. 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಸಿದ್ಧಪಡಿಸಿ ಮಾರುವ ತಂತ್ರಾಂಶ ಸರಕು, ಅದರ ಮೇಲೆ ಮಾರಾಟ ತೆರಿಗೆ ಹಾಕಬಹುದು ಎಂದು ತೀರ್ಪಿತ್ತಿತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ವಿದೇಶೀ ತಯಾರಕರಿಂದ ತಂತ್ರಾಂಶದ ಪ್ರತಿಯನ್ನು ತರಿಸಿಕೊಂಡು ಕೊಡುವ ಹಣ ಹಕ್ಕುಸ್ವಾಮ್ಯದ ರಾಯಧನವಲ್ಲ, ಸರಕಿನ ಬೆಲೆ ಎಂದಿತು. ಇದು ತಂತ್ರಾಂಶ ತರಿಸಿ ಮಾರುವ ಕಂಪನಿಗಳ ಕಡೆಯವರೇ ಮಂಡಿಸಿ ಗೆದ್ದ ವಾದ. ಗಮನಿಸಿರಿ: ಆದಾಯ ತೆರಿಗೆಯ ಮುಂದೆ ನಿಂತಾಗ ತಂತ್ರಾಂಶ ‘ಮಾರಿದ ಸರಕು’. ಗ್ರಾಹಕನ ಮುಂದೆ ನಿಂತಾಗ ಅದೇ ತಂತ್ರಾಂಶ ‘ಮಾರಿದ್ದಲ್ಲ, ಬಳಸಲು ಕೊಟ್ಟ ಅನುಮತಿ’. ಅತ್ತೆಗೊಂದು ಮಾತು, ಸೊಸೆಗೊಂದು ಮಾತು ಎನ್ನುವಂತಾಯಿತು.

ಬೇರೆ ದೇಶಗಳಲ್ಲಿ ಇದನ್ನು ಪ್ರಶ್ನಿಸಿದವರಿದ್ದಾರೆ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2000ದ ಜುಲೈಯಲ್ಲೇ, ಯಂತ್ರದ ಜೊತೆಗೆ ಮಾರಲೆಂದು ಕೊಟ್ಟ ಓ.ಇ.ಎಂ. ಪ್ರತಿಯನ್ನು ಯಂತ್ರದಿಂದ ಬಿಡಿಸಿ ಮಾರಿದರೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ತಡೆಯಲಾಗದು ಎಂದಿತು. 2012ರ ಜುಲೈ 3ರಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ಮೊಕದ್ದಮೆಯಲ್ಲಿ, ಕಾಲಮಿತಿಯಿಲ್ಲದ ಬಳಕೆಗೆಂದು ಒಮ್ಮೆ ಹಣ ಪಡೆದು ಕೊಟ್ಟ ತಂತ್ರಾಂಶದ ಪ್ರತಿಯನ್ನು ಕೊಂಡವನು, ತನ್ನ ಪ್ರತಿಯನ್ನು ನಿರುಪಯೋಗಿ ಮಾಡಿದಲ್ಲಿ, ಇನ್ನೊಬ್ಬನಿಗೆ ಮಾರಬಹುದು ಎಂದಿತು. ಅಲ್ಲಿಯವರು ಇನ್ನೊಬ್ಬನಿಗೆ ಮಾರುವ ಹಕ್ಕು ಕೇಳಿ ಪಡೆದರು. ನಾವು ಕೇಳುತ್ತಿರುವುದು ಅಷ್ಟಲ್ಲ. ನಮ್ಮದನ್ನು ನಮ್ಮದೇ ಪೆಟ್ಟಿಗೆಯಲ್ಲಿ ಬಳಸಲು ಬಿಡಿ ಎಂದು ಮಾತ್ರ.

ನಮ್ಮ ದೇಶದಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ‘ಅನ್ಯಾಯದ ಕರಾರು’ ಎಂಬ ಹೊಸ ಕಲ್ಪನೆಯನ್ನು ತಂದಿದೆ. ಗ್ರಾಹಕನ ಹಕ್ಕಿನಲ್ಲಿ ಗಣನೀಯ ಬದಲಾವಣೆ ತರುವ ಏಕಪಕ್ಷೀಯ ಷರತ್ತನ್ನು ರಾಜ್ಯ ಗ್ರಾಹಕ ಆಯೋಗದ ಮುಂದೆ ಪ್ರಶ್ನಿಸಬಹುದು. 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ದುರಸ್ತಿಯ ಹಕ್ಕೆಂದರೆ ಬಿಡಿಭಾಗ ಸಿಗುವುದು ಮಾತ್ರವೇ? ಬಿಡಿಭಾಗ ಹಾಕಿದ ಮೇಲೆ ಯಂತ್ರ ಮೊದಲಿನಂತೆ ನಡೆಯದಿದ್ದರೆ ಅದೆಂಥ ದುರಸ್ತಿ? ಕಾಲು ಕಟ್ಟಿಸಿಕೊಂಡು ಬಂದವನಿಗೆ ನಡೆಯುವ ಅನುಮತಿಯನ್ನು ಬೇರೆ ಕೊಂಡುಕೋ ಎಂದಂತಲ್ಲವೇ?

ಇಷ್ಟು ಹೊತ್ತು ಪರರನ್ನು ಬೈದೆವು. ಈಗ ನಮ್ಮನ್ನೇ ಬೈದುಕೊಳ್ಳುವ ಸರದಿ.

ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಬಂದಾಗ ಸದಸ್ಯರೊಬ್ಬರು ಜೇಬಿನಿಂದ ಫೋನ್ ತೆಗೆದು, “ಇದಕ್ಕೇಕೆ ಇಷ್ಟು ಚರ್ಚೆ ಸಾರ್? ಮುನ್ನೂರು ರೂಪಾಯಿಗೆ ಕೀಲಿ ಕಳಿಸುತ್ತಾರೆ, ಐದು ನಿಮಿಷದ ಕೆಲಸ” ಎಂದರು. ಮತ್ತೊಬ್ಬರು, ಅದೂ ಬೇಡ, ತಮ್ಮ ಮಗ ಪುಕ್ಕಟೆಯಾಗಿ ‘ಕ್ರ್ಯಾಕ್’ ಹಾಕಿಕೊಡುತ್ತಾನೆ ಎಂದರು. “ಎಲ್ಲರೂ ಹಾಗೇ ಮಾಡುತ್ತಾರೆ” ಎಂಬುದು ಇಬ್ಬರ ಅಂತಿಮ ಪ್ರಮಾಣ. ಅವರಿಬ್ಬರೂ ಸಜ್ಜನರು, ಸಂಘಕ್ಕೆ ದುಡಿದವರು. ಹೆಸರು ಹೇಳುವ ಅಗತ್ಯವಿಲ್ಲ; ಅವರು ಹೇಳಿದ್ದು ನಮ್ಮೆಲ್ಲರ ಮನೆಯ ಮಾತು.

ಆದರೆ ಯೋಚಿಸಿ ನೋಡಿ. ಅಧಿಕೃತ ಬೆಲೆ ಸಾವಿರಗಟ್ಟಲೆ ಇರುವ ವಸ್ತುವನ್ನು ಮುನ್ನೂರಕ್ಕೆ ಮಾರುವವನು ಅದನ್ನು ಎಲ್ಲಿಂದ ತಂದ? ಇಂಥ ಕೀಲಿಗಳಲ್ಲಿ ಹಲವು ಯಾವುದೋ ಸಂಸ್ಥೆ ತನ್ನ ನೂರಾರು ಯಂತ್ರಗಳಿಗೆಂದು ಪಡೆದ ಸಾಮೂಹಿಕ ಕೀಲಿಗಳು, ಕೈಬದಲಾಗಿ ಸಂತೆಗೆ ಬಂದವು. ಇಂದು ನಡೆಯುತ್ತದೆ, ನಾಳೆ ಕಂಪನಿ ಅದನ್ನು ನಿಲ್ಲಿಸಿದರೆ ಮಾರಿದವನ ಫೋನು ಕೂಡ ನಿಂತಿರುತ್ತದೆ. ಇನ್ನು ಕ್ರ್ಯಾಕ್ ಎಂಬುದು ಮನೆಯ ಬೀಗ ಒಡೆಯಲು ಗುರುತಿಲ್ಲದವನನ್ನು ಕರೆದಂತೆ. ಅವನು ಬೀಗವನ್ನಷ್ಟೇ ಒಡೆದು ಹೋದನೇ, ಒಳಗೆ ಏನನ್ನಾದರೂ ಬಿಟ್ಟು ಹೋದನೇ ಎಂದು ನೋಡುವವರು ಯಾರು? ಆ ಯಂತ್ರದಲ್ಲಿ ಸದಸ್ಯರೆಲ್ಲರ ವಿಳಾಸ, ದೂರವಾಣಿ, ಚಂದಾ ವಿವರಗಳಿವೆ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅನ್ಯಾಯವನ್ನು ಪ್ರತಿಭಟಿಸುವ ಹಕ್ಕು ಕದಿಯದವನಿಗೆ ಮಾತ್ರ ಇರುತ್ತದೆ. ನಾವು ಕದ್ದೆವೋ, ಕಂಪನಿಯ ಷರತ್ತು ಸರಿಯೆಂದು ನಾವೇ ಸಾಕ್ಷಿ ಹೇಳಿದಂತೆ. ‘ನೋಡಿ, ಇದಕ್ಕೇ ನಾವು ಬಿಗಿ ಮಾಡಿದ್ದು’ ಎಂದು ಅವರು ಬೆರಳು ತೋರಿಸುತ್ತಾರೆ. ಮುನ್ನೂರು ರೂಪಾಯಿಯಲ್ಲಿ ನಾವು ಕೊಳ್ಳುವುದು ಕೀಲಿಯನ್ನಲ್ಲ, ನಮ್ಮದೇ ಮೌನವನ್ನು. ಮೇಲಾಗಿ ಆ ಏಳನೆಯ ತರಗತಿಯ ಹುಡುಗನ ಪ್ರಶ್ನೆಗೆ ಆಮೇಲೆ ‘ಹೌದಪ್ಪ’ ಎಂದೇ ಉತ್ತರ ಹೇಳಬೇಕಾಗುತ್ತಿತ್ತು. ಹೀಗಾಗಿ ಸಮಿತಿ ಬಹುಮತದಿಂದ ಎರಡನ್ನೂ ತಿರಸ್ಕರಿಸಿತು. ಮೂಲೆಯ ಸೂಚನೆಯನ್ನು ಹೊತ್ತುಕೊಂಡೇ ರಾಜ್ಯೋತ್ಸವ ನಡೆಯಿತು. ಅಂದು ಅದು ನಮಗೆ ಅವಮಾನವೆನಿಸಿತ್ತು. ಇಂದು ಹಾಗೆನಿಸುವುದಿಲ್ಲ. ಕದ್ದಿದ್ದರೆ ಆ ಸೂಚನೆ ಕಾಣುತ್ತಲೇ ಇರಲಿಲ್ಲ.

ಹೊಸ ಪರವಾನಗಿಯನ್ನೇ ಕೊಳ್ಳೋಣ ಎಂದ ಖಜಾಂಚಿಗಳ ಮಾತಿಗೂ ನಾವು ತಡೆ ಹಾಕಿದೆವು. ಕಾರಣ, ವಿಂಡೋಸ್ 10ರ ಉಚಿತ ರಕ್ಷಣಾ ಪರಿಷ್ಕರಣ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಮೊದಲೇ ಘೋಷಣೆಯಾಗಿತ್ತು. 2021ರಲ್ಲಿ ಬಂದ ವಿಂಡೋಸ್ 11 ನಮ್ಮ ಯಂತ್ರದ ಏಳನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರನ್ನು ಒಪ್ಪುವುದಿಲ್ಲ. ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಎಂಟನೆಯ ಪೀಳಿಗೆ ಅಥವಾ ನಂತರದ್ದೇ ಬೇಕು, ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಅಂದರೆ ಬೋರ್ಡು ಬದಲಿಸಿದ್ದಕ್ಕೆ ಒಮ್ಮೆ ದಂಡ ತೆತ್ತು, ಒಂದೇ ವರ್ಷದಲ್ಲಿ ಪ್ರೊಸೆಸರ್ ಹಳೆಯದಾದದ್ದಕ್ಕೆ ಇನ್ನೊಮ್ಮೆ ದಂಡ. ಆರೋಗ್ಯವಂತ ಯಂತ್ರವನ್ನು ಕಡತದ ಮೇಲೆ ಮುದುಕನೆಂದು ನಮೂದಿಸಿ ನಿವೃತ್ತಿಗೊಳಿಸುವ ಈ ಕ್ರಮ ನಿವೃತ್ತರಾದ ನಮ್ಮ ಓದುಗರಿಗೆ ಚೆನ್ನಾಗಿ ಅರ್ಥವಾದೀತು.

ಹಾಗಾದರೆ ನಾವು ಮಾಡಿದ್ದೇನು? ಗ್ರಂಥಾಲಯ ಮತ್ತು ಮಕ್ಕಳ ತರಗತಿಯ ಕೆಲಸಕ್ಕೆ ಅದೇ ಯಂತ್ರದ ಮೇಲೆ ಲಿನಕ್ಸ್ ಹಾಕಿದೆವು. ಅದಕ್ಕೆ ಕೀಲಿಯಿಲ್ಲ, ಜೀವಿತ ಪ್ರಮಾಣಪತ್ರವಿಲ್ಲ. ನಾಳೆ ಇನ್ನೊಂದು ಬೋರ್ಡು ಬದಲಿಸಿದರೂ ನೀನು ಯಾರೆಂದು ಕೇಳುವುದಿಲ್ಲ. ಯೂನಿಕೋಡ್ ಕನ್ನಡ ಅದರಲ್ಲಿ ಸೊಗಸಾಗಿ ಮೂಡುತ್ತದೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಫಾಂಟುಗಳೂ ಇವೆ. ಇದು ಹವ್ಯಾಸಿಗಳ ಆಟವೆಂದು ತಳ್ಳಿಹಾಕುವವರು ನೆನಪಿಡಬೇಕು: ನಮ್ಮ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲೇ ‘ಬಾಸ್’ ಎಂಬ ಲಿನಕ್ಸ್ ಹೊರತಂದಿದೆ, 2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿದೆ, ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಅದರಲ್ಲೇ ಕಲಿಯುತ್ತಿದ್ದಾರೆ.

ಸುಳ್ಳು ಹೇಳಬಾರದು, ಎಲ್ಲವೂ ಸುಗಮವಾಗಲಿಲ್ಲ. ಪತ್ರಿಕೆಯ ಹಳೆಯ ಪುಟಗಳು ನುಡಿಯ ಹಳೆಯ ಫಾಂಟುಗಳಲ್ಲಿವೆ, ಯೂನಿಕೋಡಿಗೆ ಪರಿವರ್ತಿಸಿ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಬೇಕು. ಮುದ್ರಣಾಲಯದವರು ತಮ್ಮ ಹಳೆಯ ತಂತ್ರಾಂಶವನ್ನು ಬಿಡಲೊಲ್ಲರು. ಪುಟವಿನ್ಯಾಸ ಇಂದಿಗೂ ಸದಸ್ಯರೊಬ್ಬರ ಮನೆಯ ಯಂತ್ರದಲ್ಲಿ ನಡೆಯುತ್ತಿದೆ. ಅದರಲ್ಲಿರುವುದು ಅವರು ಬೆಲೆ ಕೊಟ್ಟು ಕೊಂಡ ರೀಟೇಲ್ ಪರವಾನಗಿ. ಸ್ವಾತಂತ್ರ್ಯಕ್ಕೂ ಬೆಲೆಯಿದೆ. ನಾವು ಅದನ್ನು ಹಣದಲ್ಲಲ್ಲ, ಭಾನುವಾರಗಳಲ್ಲಿ ತೆರುತ್ತಿದ್ದೇವೆ.

ಸದಸ್ಯ ಬಂಧುಗಳು ತಮ್ಮ ಮನೆಯಲ್ಲಿ ಇಂಥ ಸಂಕಟಕ್ಕೆ ಸಿಗದಿರಲು ಕೆಲವು ಎಚ್ಚರಿಕೆಗಳನ್ನು ಹೇಳುತ್ತೇವೆ. ಯಂತ್ರ ಕೊಳ್ಳುವ ಮುನ್ನ ಪರವಾನಗಿ ರೀಟೇಲೋ ಓ.ಇ.ಎಂ.ಮೋ ಎಂದು ಕೇಳಿರಿ, ಬಿಲ್ಲಿನ ಮೇಲೆ ಬರೆಸಿರಿ. ಬರೆಯಲು ಒಪ್ಪದ ಅಂಗಡಿಯನ್ನು ಬಿಡಿರಿ. ಈಗಾಗಲೇ ಇರುವ ಯಂತ್ರದಲ್ಲಿ ಯಾವ ಜಾತಿಯದಿದೆ ಎಂದು ತಿಳಿಯಬೇಕಿದ್ದರೆ, ವಿಂಡೋಸ್ ಗುಂಡಿಯನ್ನೂ ಆರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ, ತೆರೆದ ಚೌಕದಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರಗಳನ್ನು ಬರೆದು, ಒಂದು ತೆರಪು ಬಿಟ್ಟು, ಓರೆಗೆರೆ ಎಳೆದು, ಅದರ ಮಗ್ಗುಲಲ್ಲೇ ಡಿ, ಎಲ್, ಐ ಎಂದು ಬರೆದು ಎಂಟರ್ ಒತ್ತಿದರೆ ಉತ್ತರ ಬರುತ್ತದೆ. ಬೋರ್ಡು ಆರೋಗ್ಯವಾಗಿರುವಾಗಲೇ ಪರವಾನಗಿಯನ್ನು ನಿಮ್ಮ ಖಾತೆಗೆ ಜೋಡಿಸಿಡಿರಿ. ಸತ್ತ ಮೇಲೆ ಜೋಡಿಸಲು ಬರುವುದಿಲ್ಲ. ಓ.ಇ.ಎಂ. ಆದರೆ ಇದರಿಂದಲೂ ಭರವಸೆ ಇಲ್ಲ, ಆದರೂ ಪ್ರಯತ್ನಕ್ಕೊಂದು ಬಾಗಿಲು ಉಳಿಯುತ್ತದೆ. ಬಿಲ್ಲನ್ನು ಆಭರಣದ ರಸೀತಿಯಂತೆ ಜೋಪಾನ ಮಾಡಿರಿ. ಅಂಗಡಿಯವರು ಮೋಸ ಮಾಡಿದ್ದಾರೆನಿಸಿದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಸಂಕೋಚ ಬಿಟ್ಟು ದೂರು ಕೊಡಿರಿ.

ಆದರೆ ಎಚ್ಚರಿಕೆಯಿಂದ ಒಂದೊಂದು ಮನೆ ಉಳಿದೀತು, ಪದ್ಧತಿ ಬದಲಾಗದು. ಪದ್ಧತಿ ಬದಲಾಗಲು ಕೇಳಬೇಕು, ಒಟ್ಟಾಗಿ ಕೇಳಬೇಕು. ನಮ್ಮ ಬೇಡಿಕೆ ಮೂರೇ. ಪರವಾನಗಿಯ ಬೆಲೆಯನ್ನೂ ಅದರ ಆಯುಸ್ಸನ್ನೂ ಬಿಲ್ಲಿನಲ್ಲಿ ಬೇರೆಯಾಗಿ ಬರೆಯತಕ್ಕದ್ದು. ಕೆಟ್ಟ ಬೋರ್ಡಿನ ಬದಲು ಯಾವ ತಯಾರಕರ ಬೋರ್ಡು ಹಾಕಿದರೂ, ಹಳೆಯದನ್ನು ರದ್ದುಮಾಡಿ ಹೊಸದರಲ್ಲಿ ಪರವಾನಗಿಯನ್ನು ನಡೆಸಿಕೊಡತಕ್ಕದ್ದು. ದುರಸ್ತಿಯ ಹಕ್ಕಿನಲ್ಲಿ ತಂತ್ರಾಂಶವೂ ಸೇರತಕ್ಕದ್ದು. ಈ ಮೂರನ್ನು ಬರೆದು ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಳಿಸುವ ಮನವಿಯ ಕರಡನ್ನು ಸಂಘದ ಗ್ರಂಥಾಲಯದಲ್ಲಿ ಇಟ್ಟಿದ್ದೇವೆ. ಓದಿ, ತಿದ್ದಿ, ಸಹಿ ಹಾಕಬೇಕೆಂದು ವಿನಂತಿ. ನಾವು ಹೊರನಾಡಿನ ಕೆಲವೇ ಕನ್ನಡಿಗರು ಸಹಿ ಹಾಕಿದರೆ ಏನಾದೀತು ಎಂದು ಕೇಳುವವರಿಗೆ ನಮ್ಮ ಉತ್ತರ: ಮನವಿಗಳು ಬಂದು ಬೀಳುವ ಟಪಾಲು ಮೇಜಿನ ಹಿಂದೆ ಕುಳಿತವರು ನಾವು. ಒಂದು ಮನವಿ ಬಂದರೆ ಕಡತಕ್ಕೆ ಸೇರುತ್ತದೆ, ನೂರು ಬಂದರೆ ಟಿಪ್ಪಣಿಯಾಗುತ್ತದೆ, ಸಾವಿರ ಬಂದರೆ ಮೇಲಿನವರು ಕಡತವನ್ನು ತರಿಸಿ ನೋಡುತ್ತಾರೆ.

ಆ ಹುಡುಗ ಈಗ ಒಂಬತ್ತನೆಯ ತರಗತಿಗೆ ಬರುತ್ತಿದ್ದಾನೆ. ಮೊನ್ನೆ ಗ್ರಂಥಾಲಯದಲ್ಲಿ ಸಿಕ್ಕಿದಾಗ, ಅಂದು ಕೊಡದ ಉತ್ತರವನ್ನು ಕೊಟ್ಟೆವು: “ಕದ್ದಿದ್ದಲ್ಲಪ್ಪ, ಕೊಂಡದ್ದೇ. ಕೊಂಡದ್ದು ನಮ್ಮದು ಅಂತ ಇನ್ನೂ ವಾದ ಮಾಡ್ತಾ ಇದ್ದೇವೆ.” ಅವನು ಮನವಿಯ ಕರಡನ್ನು ಪೂರ್ತಿ ಓದಿ, ಎರಡು ಕಡೆ ಒತ್ತಕ್ಷರ ತಪ್ಪಿದೆ ಎಂದು ತಿದ್ದಿಕೊಟ್ಟು ಹೋದ.